ಬೇಸರವೂ ಬೇಜಾರೂ

ಮದುವೆಯ ದಿನಗಳಲ್ಲಿ ಮಂಗಳೂರಿನ ರಥಬೀದಿಯಲ್ಲಿ ಪರಿಚಿತರಿಬ್ಬರು ಎದುರುಬದುರಾದಾಗ ನಡೆಯುವ ಒಂದು ಸಂಭಾಷಣೆಯನ್ನು ಕೇಳದ ವಾಚಕರು ಈ ಜಿಲ್ಲೆಯಲ್ಲಿ ಇರಲಾರರು. ಮಗಳ ಮದುವೆ ನಿಶ್ಚಯವಾದವರು ಕೈಚೀಲದಿಂದ ಕರೆಯೋಲೆಯನ್ನು ತೆಗೆದುಕೊಡುತ್ತ, “ಮನೆಗೇ ಬಂದು ಕರೆಯಬೇಕಿತ್ತು ಮಾರಾಯ್ರೆ, ಸಮಯವೇ ಸಿಕ್ಕಲಿಲ್ಲ, ಬೇಜಾರು ಮಾಡಬೇಡಿ” ಎನ್ನುವರು. ತೆಗೆದುಕೊಂಡವರು, “ಛೆ, ಪರವಾಗಿಲ್ಲ, ಖಂಡಿತ ಬರುತ್ತೇವೆ” ಎನ್ನುವರು. ಅಷ್ಟರಲ್ಲಿ ತಪ್ಪೊಪ್ಪಿಗೆಯೂ ಮುಗಿಯಿತು, ಕ್ಷಮಾದಾನವೂ ಮುಗಿಯಿತು. ಇಬ್ಬರೂ ಅಚ್ಚ ಕನ್ನಡದಲ್ಲಿಯೇ ಮಾತನಾಡಿದೆವೆಂಬ ತೃಪ್ತಿಯಿಂದ ತಮ್ಮ ತಮ್ಮ ದಾರಿಯನ್ನು ಹಿಡಿಯುವರು. ಆದರೆ ಈ ಮಾತುಕತೆಗೆ ಆಧಾರಸ್ತಂಭಗಳಾಗಿರುವ ಎರಡು ಶಬ್ದಗಳೂ, ಎಂದರೆ ಬೇಜಾರು ಎಂಬುದೂ ಪರವಾ ಎಂಬುದೂ, ಪಾರಸಿ ಭಾಷೆಯಿಂದ ಬಂದವು.

ಪರವಾ ಎಂಬುದರ ವಿಷಯದಲ್ಲಿ ಹೆಚ್ಚಿನ ವಿವಾದಕ್ಕೆಡೆಯಿಲ್ಲ. ಅದಕ್ಕೆ ಪಾರಸಿಯಲ್ಲಿ ಚಿಂತೆ, ಲಕ್ಷ್ಯ ಎಂದರ್ಥ. ‘ಪರವಾ ಇಲ್ಲ’ ಎಂಬುದೇ ಕೂಡಿಕೊಂಡು ‘ಪರವಾಗಿಲ್ಲ’ ಎಂದಾಯಿತು. ತೆಲುಗರು ‘ಪರ್ವಾ ಲೇದು’ ಎಂದು ಅದನ್ನು ಇಂದಿಗೂ ಬಿಡಿಬಿಡಿಯಾಗಿಯೇ ಆಡುತ್ತಿರುವುದರಿಂದ ಸಂಗತಿಯು ಸ್ಪಷ್ಟವಾಗುವುದು. ಬೇಜಾರಿನ ಮಾತು ಹಾಗಲ್ಲ. ಅದು ಪರಭಾಷೆಯದೆಂದು ಹೇಳಿದರೆ ಬಲ್ಲವರೂ ತಲೆಯಲ್ಲಾಡಿಸುವರು. “ಬೇಸರವೆಂಬ ಶುದ್ಧ ಕನ್ನಡ ಶಬ್ದವೇ ಜನರ ಬಾಯಲ್ಲಿ ಕೆಟ್ಟು ಬೇಜಾರಾಗಿದೆ” ಎಂಬುದು ಬಹುಕಾಲದ ನಂಬಿಕೆ. ಈ ನಂಬಿಕೆಯಿಂದಲೇ ಶಾಲೆಯ ಉಪಾಧ್ಯಾಯರು ಹುಡುಗರ ಪ್ರಬಂಧಗಳಲ್ಲಿ ಬೇಜಾರೆಂದು ಕಂಡಲ್ಲೆಲ್ಲ ಕೆಂಪು ಗೆರೆಯನ್ನೆಳೆದು, ಪಕ್ಕದಲ್ಲಿ ಬೇಸರವೆಂದು ಬರೆಯುತ್ತ ಬಂದಿರುವರು. ಆ ಕೆಂಪು ಗೆರೆಯು ನ್ಯಾಯವೇ ಅಲ್ಲವೇ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಬೇಸರದ ವಂಶವನ್ನು ನೋಡೋಣ. ಹಳಗನ್ನಡದಲ್ಲಿ ಇದು ಶಕಟರೇಫದಿಂದ ಕೂಡಿದ ‘ಬೇಸಱ್’ ಎಂಬ ಧಾತು. ದಣಿ, ಸಾಕಾಗು, ಉತ್ಸಾಹಗೆಡು ಎಂಬುದು ಅದರ ಅರ್ಥ. ನಾವು ಇಂದಿಗೂ ‘ಬೇಸತ್ತು ಹೋದೆ’ ಎನ್ನುವಾಗ ಆ ಧಾತುವಿನ ಭೂತಕಾಲದ ರೂಪವನ್ನೇ ಬಳಸುತ್ತಿರುವೆವು. ಹೊರು ಎಂಬುದು ಹೊತ್ತು ಎಂದೂ, ಹೆರು ಎಂಬುದು ಹೆತ್ತು ಎಂದೂ ಆಗುವಂತೆಯೇ ಬೇಸರು ಎಂಬುದು ಬೇಸತ್ತು ಎಂದಾಗುವುದು. ಮೂರರಲ್ಲಿಯೂ ಪೂರ್ವಕಾಲದ ಶಕಟರೇಫವಿದ್ದುದೇ ಇದಕ್ಕೆ ಕಾರಣ. ಇದರ ಬಂಧುಗಳು ನೆರೆಯ ಭಾಷೆಗಳಲ್ಲಿಯೂ ಉಂಟು. ತಮಿಳಿನಲ್ಲಿ ವೇಸಱು, ತೆಲುಗಿನಲ್ಲಿ ವೇಸಾರು. ಕನ್ನಡದ ಆದಿಯ ಬಕಾರಕ್ಕೆ ಆ ಭಾಷೆಗಳಲ್ಲಿ ವಕಾರವಿರುವುದು ಶಾಸ್ತ್ರಸಮ್ಮತವೇ ಆಗಿದೆ. ನಮ್ಮ ಬೇರು ತಮಿಳಿನಲ್ಲಿ ವೇರ್, ನಮ್ಮ ಬಿಲ್ಲು ವಿಲ್, ನಮ್ಮ ಬಾಯಿ ವಾಯ್. ಆದುದರಿಂದ ಬೇಸರವು ದ್ರಾವಿಡ ಕುಲದ ಹಳೆಯ ಸಂತಾನವೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ಬೇಜಾರನ್ನು ಇದೇ ಒರೆಗಲ್ಲಿಗೆ ಹಚ್ಚಿ ನೋಡೋಣ. ಅದು ಬೇಸರದ ಅಪಭ್ರಂಶವೇ ಆಗಿದ್ದರೆ ನೆರೆಯ ಭಾಷೆಗಳಲ್ಲಿ ಅದರ ಜೋಡಿಯೂ ವಕಾರದಿಂದಲೇ ಮೊದಲಾಗಬೇಕಿತ್ತು. ಆದರೆ ತೆಲುಗಿನಲ್ಲಿಯೂ ಅದು ಬೇಜಾರು, ಮದರಾಸಿನ ಬೀದಿಯ ತಮಿಳಿನಲ್ಲಿಯೂ ಬೇಜಾರ್, ಉತ್ತರ ಮಲಬಾರಿನ ಮಲೆಯಾಳದಲ್ಲಿಯೂ ಬೇಜಾರ್. ತೆಲುಗಿನಲ್ಲಂತೂ ವೇಸಾರು ಮತ್ತು ಬೇಜಾರು ಎರಡೂ ಬೇರೆ ಬೇರೆಯಾಗಿ ಬಾಳುತ್ತಿವೆ. ಒಂದೇ ತಾಯಿಯ ಮಕ್ಕಳಾಗಿದ್ದರೆ ಹೀಗಾಗುತ್ತಿರಲಿಲ್ಲ. ಎರಡನೆಯದಾಗಿ, ಬೇಸರು ಎಂಬುದು ತಾನೇ ಕ್ರಿಯಾಪದವಾಗಬಲ್ಲುದು. ಬೇಸತ್ತನು, ಬೇಸರಿಸಿದನು ಎಂದು ಅದನ್ನು ಬಗ್ಗಿಸಬಹುದು. ಬೇಜಾರಿಸಿದನು ಎಂದವರನ್ನು ಯಾರೂ ಕಂಡಿಲ್ಲ, ಬೇಜತ್ತನು ಎಂದರೆ ಮಕ್ಕಳೂ ನಗುವರು. ಅದಕ್ಕೆ ಆಗು, ಮಾಡು, ಪಡು ಎಂಬ ಕನ್ನಡದ ಧಾತುವೊಂದು ಕೈಗೋಲಾಗಿ ಬೇಕೇಬೇಕು. ಪರದೇಶದಿಂದ ಬಂದು ನೆಲೆಸಿದ ಶಬ್ದಗಳ ಲಕ್ಷಣವೇ ಇದು.

ಪಾರಸಿಯಲ್ಲಿ ಈ ಶಬ್ದವು ಜಕಾರದಿಂದಲ್ಲ, ಕನ್ನಡದಲ್ಲಿಲ್ಲದ ಒಂದು ಮೃದುವಾದ ಊಷ್ಮಧ್ವನಿಯಿಂದ ಕೂಡಿದುದು. ನಮ್ಮ ಲಿಪಿಯಲ್ಲಿ ಅದಕ್ಕೆ ಪ್ರತ್ಯೇಕವಾದ ಅಕ್ಷರವಿಲ್ಲದುದರಿಂದ, ಜಮೀನು, ಜೋರು, ಬಜಾರು ಮೊದಲಾದವುಗಳಲ್ಲಿ ಆದಂತೆಯೇ ಇಲ್ಲಿಯೂ ಜಕಾರವು ಬಂದು ಕುಳಿತಿತು. ವ್ಯಂಜನಾಂತವಾಗಿದ್ದ ಶಬ್ದಕ್ಕೆ ಕನ್ನಡವು ತನ್ನ ವಾಡಿಕೆಯಂತೆ ಉಕಾರವನ್ನು ಸೇರಿಸಿತು. ತುಳುವು ತನ್ನ ಅರ್ಧ ಉಕಾರದಿಂದಲೇ ತೃಪ್ತವಾಯಿತು. ‘ಬೇ’ ಎಂದರೆ ಇಲ್ಲದುದು, ಬೇವಾರಸಿ ಎಂಬಲ್ಲಿರುವಂತೆ, ಎಂದು ಕೆಲವರು ಇದನ್ನು ಒಡೆಯಲೆತ್ನಿಸುವುದುಂಟು. ಆದರೆ ಪಾರಸಿಯಲ್ಲಿ ‘ಜಾರ್’ ಎಂದರೆ ಗೋಳು. ಹಾಗೆ ಒಡೆದರೆ ಬೇಜಾರಾದವನು ಗೋಳಿಲ್ಲದವನು ಎಂದಾಗಿ ಅರ್ಥವೇ ಬುಡಮೇಲಾಗುವುದು. ಕನ್ನಡದ ‘ಜಾರು’ ಧಾತುವಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಶಬ್ದವನ್ನು ಇಡಿಯಾಗಿಯೇ ಗ್ರಹಿಸುವುದು ಕ್ಷೇಮ.

ಹೀಗೆ ಒಂದು ದ್ರಾವಿಡ ಶಬ್ದವೂ ಒಂದು ಪಾರಸಿ ಶಬ್ದವೂ, ಯಾವ ರಕ್ತಸಂಬಂಧವೂ ಇಲ್ಲದೆ, ರೂಪದಲ್ಲಿಯೂ ಅರ್ಥದಲ್ಲಿಯೂ ಅಕ್ಕತಂಗಿಯರಂತೆ ಕಾಣುವುದು ಶಬ್ದಚರಿತ್ರೆಯ ಒಂದು ಸೋಜಿಗವೇ ಸರಿ. ಬೇಜಾರು ನಮ್ಮ ನಾಡಿನಲ್ಲಿ ಇಷ್ಟು ಬೇಗನೆ ಮನೆಯವಳಾದುದಕ್ಕೆ ಈ ಹೋಲಿಕೆಯೂ ಒಂದು ಕಾರಣವೆನ್ನಬೇಕು. ಬಾಗಿಲಲ್ಲಿ ನಿಂತವಳ ಮುಖವು ಮನೆಮಗಳ ಮುಖದಂತಿದ್ದರೆ ಯಾರು ತಾನೇ ಒಳಗೆ ಬಿಡದಿರುವರು?

ಆಕೆ ಯಾವ ದಾರಿಯಿಂದ ಬಂದಳು? ಮಂಗಳೂರಿಗೆ ಪಾರಸಿಯ ಧ್ವನಿಯು ಹೊಸದಲ್ಲ. ಸುಮಾರು 1342ರಲ್ಲಿ ಇಲ್ಲಿಗೆ ಬಂದಿದ್ದ ಇಬ್ನ್ ಬತೂತನು, ಪಾರಸ ದೇಶದ ಮತ್ತು ಯೆಮನಿನ ವರ್ತಕರು ಈ ಬಂದರದಲ್ಲಿಯೇ ಇಳಿಯುತ್ತಿದ್ದುದನ್ನು ತಿಳಿಸಿರುವನು. 1443ರಲ್ಲಿ ವಿಜಯನಗರಕ್ಕೆ ಹೊರಟಿದ್ದ ಪಾರಸಿ ರಾಯಭಾರಿ ಅಬ್ದುರ್ ರಜಾಕನು ಕಲ್ಲಿಕೋಟೆಯಿಂದ ಹಡಗಿನಲ್ಲಿ ಮಂಗಳೂರಿಗೆ ಬಂದು, ಇಲ್ಲಿಂದ ಘಟ್ಟವನ್ನೇರಿದನು. ಆದರೆ ಬಂದರದ ವರ್ತಕನ ಭಾಷೆಯು ಧಕ್ಕೆಯಿಂದ ಅಡಿಗೆಮನೆಯವರೆಗೆ ತಾನಾಗಿಯೇ ನಡೆದುಬರಲಾರದು. ಅದಕ್ಕೆ ಬೇರೆ ವಾಹನಗಳು ಬೇಕಾದವು. 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯದಲ್ಲಿಯೂ, ಆಮೇಲೆ 1686ರ ವರೆಗೆ ನಡೆದ ಬಿಜಾಪುರದ ಆದಿಲಶಾಹಿಯಲ್ಲಿಯೂ ಪಾರಸಿಯು ದರಬಾರಿನ ಭಾಷೆಯಾಗಿದ್ದು, ಅಲ್ಲಿಂದ ದಖನಿಗೂ ಮರಾಠಿಗೂ ನೂರಾರು ಶಬ್ದಗಳು ಇಳಿದವು. 1763ರಲ್ಲಿ ಹೈದರನು ಬಿದನೂರನ್ನು ಗೆದ್ದಾಗ ಇಕ್ಕೇರಿಯ ಅರಸರ ಅಧೀನದಲ್ಲಿದ್ದ ಮಂಗಳೂರೂ ಅವನ ವಶವಾಯಿತು. 1784ರಲ್ಲಿ ಟಿಪ್ಪುವಿಗೂ ಇಂಗ್ಲಿಷರಿಗೂ ಕರಾರಾದುದು ಈ ಊರಿನಲ್ಲಿಯೇ. 1799ರಲ್ಲಿ ಜಿಲ್ಲೆಯು ಕಂಪೆನಿಯ ಕೈಸೇರಿದ ಬಳಿಕವೂ ಕಚೇರಿಯ ಪರಿಭಾಷೆಯು ಮೊದಲಿನದೇ ಆಗಿ ಉಳಿಯಿತು.

ಇಲ್ಲಿ ಗಮನಿಸತಕ್ಕ ಒಂದು ಭೇದವಿದೆ. ಅರ್ಜಿ, ಜಮೀನು, ಜಾಮೀನು, ವಸೂಲಿ, ದಸ್ತಾವೇಜು, ತಹಶೀಲ್ದಾರ, ಶಿರಸ್ತೆದಾರ ಎಂಬವು ಪಾರಸಿಯ ಮೂಲಕ ಅಧಿಕಾರದ ಬಲದಿಂದ ಬಂದ ಶಬ್ದಗಳು. ಅವುಗಳನ್ನು ಕಲಿಯದಿದ್ದರೆ ಭೂಮಿಯೇ ಕೈತಪ್ಪುತ್ತಿತ್ತು. ಆದರೆ ಖುಷಿ, ಸುಸ್ತು, ಮಜಾ, ಶಾಬಾಸು, ಪರವಾ, ಬೇಜಾರು ಎಂಬವುಗಳನ್ನು ಯಾವ ಸರಕಾರವೂ ಯಾರ ಮೇಲೂ ಹೇರಲಿಲ್ಲ. ಸಿಪಾಯಿಯೂ ಗಾಡಿಯವನೂ ಅಂಗಡಿಯವನೂ ಆಡುತ್ತಿದ್ದುದನ್ನು ಕೇಳಿ, ತಮಗೆ ಬೇಕೆನಿಸಿದುದರಿಂದ ಜನರೇ ಎತ್ತಿಕೊಂಡರು. ಶಾಸನಗಳೂ ಸನದುಗಳೂ ಹೇಳದಿರುವ ಇತಿಹಾಸವು ಇಂಥ ಶಬ್ದಗಳಲ್ಲಿ ಅಡಗಿರುವುದು. ಅರಸರು ಒಬ್ಬರೊಡನೊಬ್ಬರು ಕಾದಾಡುತ್ತಿದ್ದಾಗ ಪ್ರಜೆಗಳು ಒಬ್ಬರ ಸುಖದುಃಖದ ಮಾತನ್ನು ಇನ್ನೊಬ್ಬರು ಕಲಿಯುತ್ತಿದ್ದರೆಂಬುದಕ್ಕೆ ಇವೇ ಸಾಕ್ಷಿ.

ಎತ್ತಿಕೊಂಡರೂ ಇದ್ದಂತೆಯೇ ಇಟ್ಟುಕೊಳ್ಳಲಿಲ್ಲ. ಪಾರಸಿಯಲ್ಲಿ ಬೇಜಾರ್ ಎಂಬುದು ವಿಶೇಷಣ. ಒಂದರಿಂದ ಮನಸ್ಸು ಮುರಿದವನು, ಅದನ್ನು ತೊರೆದವನು, ಅದರ ಮೇಲೆ ಜುಗುಪ್ಸೆಯುಳ್ಳವನು ಎಂದು ಅದರ ತಾತ್ಪರ್ಯ. ‘ನಾನು ಅದರಿಂದ ಬೇಜಾರ್’ ಎನ್ನುವಾಗ ‘ನಾನು’ ಎಂಬವನು ಎದ್ದು ನಿಂತು, ಮುಖ ತಿರುಗಿಸಿ ಹೋಗುತ್ತಾನೆ. ಹಿಂದುಸ್ಥಾನಿಯಲ್ಲಿಯೂ ಈ ಬಿರುಸು ಬಹುಮಟ್ಟಿಗೆ ಉಳಿದಿದೆ. ಕನ್ನಡಕ್ಕೆ ಬಂದಾಗ ವಿಶೇಷಣವು ನಾಮಪದವಾಯಿತು. ಪ್ರಥಮಾ ವಿಭಕ್ತಿಯಲ್ಲಿದ್ದ ಮನುಷ್ಯನು ಚತುರ್ಥಿಗೆ ಸರಿದನು. ‘ನಾನು ಬೇಜಾರು’ ಎಂದು ನಾವು ಹೇಳುವುದಿಲ್ಲ. ‘ನನಗೆ ಬೇಜಾರು’ ಎನ್ನುತ್ತೇವೆ. ಪಾರಸಿಯಲ್ಲಿ ಸಡಿಲನಾದವನನ್ನು ವರ್ಣಿಸುವ ‘ಸುಸ್ತ್’ ಎಂಬುದು ನಮ್ಮಲ್ಲಿ ‘ನನಗೆ ಸುಸ್ತಾಯಿತು’ ಎಂದಾದುದೂ ಇದೇ ಕ್ರಮದಿಂದ. ಹಸಿವೆ, ಬಾಯಾರಿಕೆ, ಜ್ವರ, ನಿದ್ದೆಗಳಂತೆ ಬೇಜಾರೂ ಮನುಷ್ಯನು ಮಾಡುವ ಕಾರ್ಯವಾಗಿ ಉಳಿಯದೆ, ಅವನ ಬಳಿಗೆ ತಾನಾಗಿ ಬರುವ ಅವಸ್ಥೆಯಾಯಿತು.

ಈ ವಿಭಕ್ತಿಯ ಪಲ್ಲಟವನ್ನು ಕೇವಲ ವ್ಯಾಕರಣದ ಸಂಗತಿಯೆಂದು ಬಿಡಲಾಗದು. ಅದರಿಂದ ಒಂದು ಸಾಮಾಜಿಕ ಪ್ರಯೋಜನವು ಹುಟ್ಟಿತು. ಸೊಸೆಯು ಅತ್ತೆಯೊಡನೆ ‘ನಿಮ್ಮ ಮೇಲೆ ನನಗೆ ಕೋಪ’ ಎನ್ನುವಂತಿಲ್ಲ. ಕೆಲಸದಾಳು ಧನಿಗಳೊಡನೆ ‘ನೀವು ಅನ್ಯಾಯ ಮಾಡಿದಿರಿ’ ಎಂದರೆ ನಾಳೆಯ ಅನ್ನಕ್ಕೆ ಸಂಚಕಾರ. ಬಡವನ ಸಿಟ್ಟು ದವಡೆಗೆ ಮೂಲವೆಂದು ಗಾದೆಯೇ ಉಂಟಷ್ಟೆ. ಆದರೆ ‘ನೀವು ಹಾಗೆ ಹೇಳಿದ್ದು ನನಗೆ ಬೇಜಾರಾಯಿತು’ ಎಂದು ಸೊಸೆಯೂ ಹೇಳಬಹುದು, ಆಳೂ ಹೇಳಬಹುದು, ಶಿಷ್ಯನೂ ಹೇಳಬಹುದು. ಅಲ್ಲಿ ಯಾರನ್ನೂ ಕರ್ತೃವಾಗಿ ನಿಲ್ಲಿಸಿಲ್ಲ. ಬೆರಳು ಯಾರ ಕಡೆಗೂ ತೋರಿಲ್ಲ. ಆದರೂ ಗಾಯವಾದ ಸುದ್ದಿಯು ತಲುಪಿತು. ಮುನಿಸಿಗೆ ಎದುರಾಳಿ ಬೇಕು, ದುಃಖಕ್ಕೆ ದೊಡ್ಡ ಕಾರಣ ಬೇಕು, ದುಗುಡವು ಹೇಳದೆ ಒಳಗೇ ಕುದಿಯುವುದು. ಇವುಗಳ ನಡುವೆ, ಮರ್ಯಾದೆಯನ್ನು ಮೀರದೆ ನೋವನ್ನು ಹೇಳಿಕೊಳ್ಳುವುದಕ್ಕೆ ಒಂದು ಶಬ್ದದ ಅಗತ್ಯವಿತ್ತು. ಬೇಸರವು ದಣಿವಿನ ಕಡೆಗೆ ಹೆಚ್ಚಾಗಿ ವಾಲಿದುದರಿಂದ ಈ ಕೆಲಸಕ್ಕೆ ಪೂರ್ತಿಯಾಗಿ ಒದಗಲಿಲ್ಲ, ಬೇಜಾರು ಒದಗಿತು.

ತಾಳಮದ್ದಳೆಯ ಅರ್ಥಧಾರಿಗಳಲ್ಲಿ ಈ ಕೆಲಸದ ಹಂಚಿಕೆಯು ಚೆನ್ನಾಗಿ ಕಾಣುವುದು. ಕರ್ಣನ ಅಥವಾ ಸೀತೆಯ ಅರ್ಥ ಹೇಳುವಾಗ ಅವರ ಬಾಯಿಂದ ಬೇಸರ, ಖೇದ, ವ್ಯಥೆ, ಅಳಲು ಎಂಬ ಶಬ್ದಗಳು ಹೊರಡುವುವು. ಪ್ರಸಂಗ ಮುಗಿದು ಕಾಫಿಗೆ ಕುಳಿತಾಗ, ಎದುರಾಳಿಯಾಗಿದ್ದ ಸಂಗಡಿಗನೊಡನೆ “ನಾನು ಸ್ವಲ್ಪ ಜೋರಾಗಿಯೇ ಹೇಳಿದೆ, ಬೇಜಾರು ಮಾಡಬೇಡಿ” ಎನ್ನುವರು. ಪುರಾಣದ ದುಃಖಕ್ಕೆ ಒಂದು ಶಬ್ದ, ತನ್ನ ಸ್ವಂತದ ನೋವಿಗೆ ಇನ್ನೊಂದು.

‘ಬೇಜಾರು ಮಾಡಬೇಡಿ’ ಎಂಬುದೂ ಮಂಗಳೂರಿನ ಕಡೆಯ ವಿಶೇಷ ಪ್ರಯೋಗ. ಘಟ್ಟದ ಮೇಲಿನವರು ‘ಬೇಜಾರು ಮಾಡಿಕೊಳ್ಳಬೇಡಿ’ ಎನ್ನುವರು. ಅವರ ಕಿವಿಗೆ ‘ಬೇಜಾರು ಮಾಡಬೇಡಿ’ ಎಂದರೆ ‘ಇತರರ ಮನಸ್ಸನ್ನು ನೋಯಿಸಬೇಡಿ’ ಎಂದು ಕೇಳಿಸುವುದು. ಕ್ಷಮೆ ಕೇಳುತ್ತಿರುವವನೇ ಗದರಿಸುತ್ತಿರುವನೋ ಎಂದು ಅವರು ಬೆರಗಾದುದುಂಟು. ನಮ್ಮ ಈ ಪ್ರಯೋಗದ ಹಿಂದೆ ‘ಬೇಜಾರ್ ಮಲ್ಪೊಡ್ಚಿ’ ಎಂಬ ತುಳು ನುಡಿಯ ನೆರಳಿದೆ. ತುಳುವಿನಲ್ಲಿ ಯೋಚಿಸಿ ಕನ್ನಡದಲ್ಲಿ ಆಡುವ ಊರಿನಲ್ಲಿ ಇಂಥವು ಸಹಜ.

ಇನ್ನು ನಿಘಂಟುಗಳ ಮಾತು. ಈ ನಗರವು ಶಬ್ದಗಳಿಗೆ ಮಾಡಿದ ಸೇವೆಯು ಸಾಮಾನ್ಯವಾದುದಲ್ಲ. ಬಾಸೆಲ್ ಮಿಶನ್ನಿನ ಇಲ್ಲಿಯ ಮುದ್ರಣಾಲಯದಿಂದ 1872ರಲ್ಲಿ ಗುಂಡರ್ಟರ ಮಲೆಯಾಳ ನಿಘಂಟು, 1883ರಲ್ಲಿ ಮಾಫೇಯಿಯವರ ಕೊಂಕಣಿ ನಿಘಂಟು, 1886ರಲ್ಲಿ ಮೆನ್ನರರ ತುಳು ನಿಘಂಟು, 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಹೊರಬಂದವು. 22 ವರ್ಷಗಳಲ್ಲಿ ನಾಲ್ಕು ಭಾಷೆಗಳ ನಿಘಂಟುಗಳು ಒಂದೇ ಊರಿನ ಅಚ್ಚುಮೊಳೆಗಳಿಂದ! ಕಿಟ್ಟೆಲರು ಅನುಸರಿಸಿದ ಕ್ರಮವು ನಮಗೆ ಮಾದರಿಯಾಗತಕ್ಕುದು. ಹಿಂದುಸ್ಥಾನಿಯಿಂದಲೋ ಮರಾಠಿಯಿಂದಲೋ ಬಂದ ಶಬ್ದಗಳಿಗೆ ಅವರು ಮೂಲವನ್ನು ಸೂಚಿಸುವ ಗುರುತನ್ನು ಹಾಕಿದರು. ಆದರೆ ಪಂಕ್ತಿಯಿಂದ ಎಬ್ಬಿಸಲಿಲ್ಲ. ಹುಟ್ಟನ್ನು ಮರೆಮಾಡುವುದೂ ಬೇಡ, ಹುಟ್ಟಿಗಾಗಿ ಹೊರಹಾಕುವುದೂ ಬೇಡ ಎಂಬ ನ್ಯಾಯವು ಅದರಲ್ಲಿದೆ.

ಆದರೆ ನಾಲ್ಕು ಭಾಷೆಗಳು ನೆರೆಹೊರೆಯಾಗಿರುವ ಈ ಊರಿನಲ್ಲಿ ಬೇಜಾರಿನಿಂದ ಒಂದು ಅಪಾಯವೂ ಉಂಟು. ಶಬ್ದ ಒಂದೇ, ಅರ್ಥ ಹಲವು. ಮರಾಠಿಯಲ್ಲಿ ಅದು ಜರ್ಜರಿತನಾದವನನ್ನು, ಕಾಯಿಲೆಬಿದ್ದವನನ್ನು ಹೇಳುವುದು. ಮದರಾಸಿನ ತಮಿಳಿನಲ್ಲಿ ಅದು ಪೀಡೆ, ತೊಂದರೆ. ಉತ್ತರ ಮಲಬಾರಿನ ಮಲೆಯಾಳದಲ್ಲಿ ಆತಂಕ, ಗಾಬರಿ. ಅಲ್ಲಿ ಬೇಜಾರಾಗಬೇಡವೆಂದರೆ ಹೆದರಬೇಡವೆಂದು ಅರ್ಥ. ಕನ್ನಡ, ತುಳು, ಕೊಂಕಣಿಗಳಲ್ಲಿ ಮನಸ್ಸಿನ ನೋವು, ವ್ಯಸನ, ಹೊತ್ತುಹೋಗದಿರುವಿಕೆ. ಮಂಗಳೂರಿನ ಆಸ್ಪತ್ರೆಗಳಿಗೆ ಕಾಸರಗೋಡಿನಿಂದಲೂ ಕಣ್ಣೂರಿನಿಂದಲೂ ಘಟ್ಟದ ಮೇಲಿನಿಂದಲೂ ರೋಗಿಗಳು ಬರುವರು. ವೈದ್ಯರು ಇನ್ನೂ ದೂರದ ನಾಡುಗಳಿಂದ ಬಂದವರಾಗಿರುವರು. ಹಾಸಿಗೆಯಲ್ಲಿ ಮಲಗಿದ ಮುದುಕಿಯೊಬ್ಬಳು ‘ನನಗೆ ತುಂಬಾ ಬೇಜಾರು’ ಎಂದರೆ, ಒಬ್ಬನೇ ಕುಳಿತವನಿಗೆ ಹೊತ್ತುಹೋಗದಿರುವಂಥ ಬೇಜಾರೆಂದು ಭಾವಿಸಿ ಮುಂದಿನ ಹಾಸಿಗೆಗೆ ಹೋಗಬಹುದು. ಅವಳು ಹೇಳಿದುದು ಶಸ್ತ್ರಚಿಕಿತ್ಸೆಯ ಭಯವಾಗಿರಬಹುದು, ನೋಡಲು ಬಾರದ ಮಗನ ಮೇಲಿನ ನೋವಾಗಿರಬಹುದು, ಇನ್ನು ಬದುಕೇ ಬೇಡವೆಂಬ ನಿರಾಶೆಯೂ ಆಗಿರಬಹುದು. ಹಗುರವಾದ ಶಬ್ದದಿಂದ ಭಾರವಾದುದನ್ನು ಹೇಳುವುದು ನಮ್ಮ ಜನರ ಸ್ವಭಾವ. ಆದುದರಿಂದ ಬೇಜಾರೆಂದವರನ್ನು ‘ಏನು ಬೇಜಾರು?’ ಎಂದು ಇನ್ನೊಮ್ಮೆ ಕೇಳುವುದು ವೈದ್ಯನಿಗೂ ದಾದಿಗೂ ಮನೆಯವರಿಗೂ ಕರ್ತವ್ಯವೇ ಆಗಿದೆ.

ಇನ್ನೊಂದು ದೋಷವನ್ನೂ ಮುಚ್ಚಿಡಬಾರದು. ಬಲವಿಲ್ಲದವನ ಬಾಯಲ್ಲಿ ಬೇಜಾರು ಎಷ್ಟು ಉಪಕಾರಿಯೋ, ಬಲವಂತನ ಬಾಯಲ್ಲಿ ಅಷ್ಟೇ ಜಾಣತನದ್ದಾಗಬಲ್ಲುದು. ಕ್ಷಮಿಸಿರಿ ಎಂದವನು ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುವನು. ಬೇಜಾರು ಮಾಡಬೇಡಿ ಎಂದವನು ತನ್ನ ತಪ್ಪಿನ ಮಾತನ್ನೇ ಎತ್ತದೆ, ನೊಂದವನಿಗೇ ನೋಯಬೇಡವೆಂದು ಬುದ್ಧಿ ಹೇಳಿದಂತಾಗುವುದು. ಕೂಲಿಯನ್ನು ಕಡಿತಮಾಡಿದ ಧನಿಯು, ಮಾತಿಗೆ ತಪ್ಪಿದ ಮುಖಂಡನು, ಕಾಗದವನ್ನು ತಿಂಗಳುಗಟ್ಟಲೆ ತಡೆದಿಟ್ಟ ಅಧಿಕಾರಿಯು ಈ ಮಾತನ್ನಾಡಿ ನಕ್ಕರೆ, ಎದುರಿನವನಿಗೆ ‘ಪರವಾಗಿಲ್ಲ’ ಎನ್ನದೆ ಗತ್ಯಂತರವಿಲ್ಲ. ಕರೆಯೋಲೆ ತಡವಾದುದಕ್ಕೆ ಸಾಕಾಗುವ ಮಾತು ಅನ್ಯಾಯಕ್ಕೆ ಸಾಕಾಗದು. ಅಲ್ಲಿ ಕ್ಷಮೆಯನ್ನೇ ಕೇಳಬೇಕು.

ಹಾಗಾದರೆ ಉಪಾಧ್ಯಾಯರ ಕೆಂಪು ಗೆರೆಯು ಏನಾಗಬೇಕು? ದಣಿವನ್ನೂ ವೈರಾಗ್ಯವನ್ನೂ ಹೇಳಬೇಕಾದಲ್ಲಿ ಬೇಸರವನ್ನು ಬಳಸೆಂದು ಅವರು ಕಲಿಸಲಿ. ಅದು ನಮ್ಮ ಹಿರಿಯರ ಸೊತ್ತು, ಬಳಸದಿದ್ದರೆ ಮಾಸಿಹೋದೀತು. ಆದರೆ ಬೇಜಾರನ್ನು ಅದರ ಕೆಟ್ಟ ರೂಪವೆಂದು ತಿದ್ದುವುದು ಶಬ್ದಶಾಸ್ತ್ರಕ್ಕೂ ಒಪ್ಪದು, ಇತಿಹಾಸಕ್ಕೂ ಒಪ್ಪದು. ಒಬ್ಬಳು ಮನೆಯಲ್ಲಿ ಹುಟ್ಟಿದವಳು. ಇನ್ನೊಬ್ಬಳು ಮನೆಗೆ ಬಂದವಳು. ಬಂದವಳು ಹುಟ್ಟಿದವಳ ಕೆಲಸವನ್ನು ಕಸಿದುಕೊಳ್ಳಲಿಲ್ಲ, ಮನೆಯಲ್ಲಿ ಯಾರೂ ಮಾಡದಿದ್ದ ಕೆಲಸವನ್ನು ಮಾಡಿದಳು.

ಕೊನೆಗೆ ಒಂದು ಮಾತು. ಮಂಗಳೂರಿನಲ್ಲಿ ತುಳುವರು, ಕೊಂಕಣಿಗರು, ಬ್ಯಾರಿಗಳು, ಕನ್ನಡಿಗರು, ಮಲೆಯಾಳಿಗಳು ಬೇರೆ ಬೇರೆ ದೇವರನ್ನು ಬೇರೆ ಬೇರೆ ಹೆಸರುಗಳಿಂದ ಕರೆಯುವರು. ಅನ್ನವನ್ನೂ ನೀರನ್ನೂ ಕರೆಯುವ ಹೆಸರುಗಳು ಸಹ ಮನೆಯಿಂದ ಮನೆಗೆ ಬೇರೆ. ಆದರೆ ಮನಸ್ಸು ನೊಂದಾಗ ಆಡುವ ಶಬ್ದವು ಈ ಎಲ್ಲ ಮನೆಗಳಲ್ಲಿಯೂ ಒಂದೇ. ಒಬ್ಬರ ಮನೆಯಲ್ಲಿ ಸಾವಾದಾಗ ಇನ್ನೊಬ್ಬರು ಬಂದು ಜಗಲಿಯಲ್ಲಿ ಕುಳಿತು, ತಮ್ಮ ತಮ್ಮ ಭಾಷೆಯಲ್ಲಿ, ‘ಕೇಳಿ ಬೇಜಾರಾಯಿತು’ ಎನ್ನುವರು. ಆ ಮಾತಿಗೆ ಅಲ್ಲಿ ದುಭಾಷಿಯು ಬೇಕಾಗುವುದಿಲ್ಲ. ಯಾವ ಮೂಲದಿಂದ ಬಂದಿತೆಂದು ಅಂಥ ಹೊತ್ತಿನಲ್ಲಿ ಯಾರೂ ವಿಚಾರಿಸುವುದೂ ಇಲ್ಲ.